ಸಿಇಟಿ ರ‍್ಯಾಂಕ್‌ನ ಅರ್ಧ ಲೆಕ್ಕ ಪಿಯುಸಿ ಅಂಕಪಟ್ಟಿಯಲ್ಲಿದೆ

ಸಿಇಟಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಮಗನಿಗೆ ಸಿಇಟಿಯಲ್ಲಿ 90 ಬಂದಿದೆ. ಒಳ್ಳೆ ಕಾಲೇಜು ಸಿಗುತ್ತಾ?" ನಾನು ತಿರುಗಿ ಕೇಳುತ್ತೇನೆ: "ಪಿಯುಸಿಯಲ್ಲಿ ಪಿಸಿಎಂ ಎಷ್ಟು?" ಆ ಕಡೆ ಸದ್ದೇ ಇರುವುದಿಲ್ಲ. ಪಿಯುಸಿ ಮುಗಿದ ಕಥೆ ಅಲ್ವಾ, ಅದ್ಯಾಕೆ ಈಗ ಎಂಬ ಅನುಮಾನ.

ಮುಗಿದಿರುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪರೀಕ್ಷೆ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸಿಇಟಿ ಅಂಕದಿಂದ ಶೇ 50, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದಿಂದ ಶೇ 50 ತೆಗೆದುಕೊಳ್ಳುತ್ತದೆ. ಸಿಇಟಿಯಲ್ಲಿ ಈ ಮೂರು ವಿಷಯ ಸೇರಿ 180 ಅಂಕ, ಪಿಯುಸಿಯಲ್ಲಿ 300.

ಇಬ್ಬರು ಮಕ್ಕಳನ್ನು ಇಟ್ಟುಕೊಂಡು ನೋಡೋಣ. ಒಬ್ಬಳಿಗೆ ಪಿಯುಸಿಯಲ್ಲಿ 285, ಸಿಇಟಿಯಲ್ಲಿ 90. ಅಂದರೆ ಶೇ 95 ಮತ್ತು ಶೇ 50, ಸರಾಸರಿ 72.5. ಇನ್ನೊಬ್ಬನಿಗೆ ಪಿಯುಸಿಯಲ್ಲಿ 240, ಸಿಇಟಿಯಲ್ಲಿ 110. ಅವನ ಸರಾಸರಿ ಸುಮಾರು 70.6. ಸಿಇಟಿಯಲ್ಲಿ 20 ಅಂಕ ಮುಂದಿದ್ದವನು ರ‍್ಯಾಂಕ್‌ನಲ್ಲಿ ಹಿಂದೆ. ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ ಎಂದು ನೆನಪಿಟ್ಟುಕೊಂಡರೆ ಸಾಕು, ಮನೆಯಲ್ಲೇ ಲೆಕ್ಕ ಹಾಕಬಹುದು.

ಕೋಚಿಂಗ್‌ಗೆ ಸೇರಿದ ಮಕ್ಕಳು ಡಿಸೆಂಬರ್ ಹೊತ್ತಿಗೆ ಬೋರ್ಡ್ ಪರೀಕ್ಷೆಯ ಬರವಣಿಗೆಯನ್ನೇ ಬಿಟ್ಟುಬಿಡುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಐದು ಅಂಕದ ಉತ್ತರ ಬರೆದು ಅಭ್ಯಾಸ ಮಾಡುವುದು ಅಷ್ಟು ಬೇಜಾರಿನ ಕೆಲಸವಾದರೂ ಅದರಿಂದ ಬರುವ ಅಂಕ ಖಾತ್ರಿ. 2024ರಿಂದ ಪಿಯುಸಿಗೆ ಪರೀಕ್ಷೆ-2 ಕೂಡ ಇದೆ. ಒಂದು ವಿಷಯದಲ್ಲಿ ಕೈ ಕೊಟ್ಟಿದ್ದರೆ ಮತ್ತೆ ಬರೆಯಿರಿ, ಎರಡರಲ್ಲಿ ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಸಿಇಟಿ ಮುಗಿಸಿ ಸುಸ್ತಾದ ಮಕ್ಕಳನ್ನು ಮತ್ತೆ ಪುಸ್ತಕದ ಮುಂದೆ ಕೂರಿಸುವುದು ಕಷ್ಟ, ಒಪ್ಪುತ್ತೇನೆ.

2021ರಲ್ಲಿ ಮಾತ್ರ ಕೋವಿಡ್‌ನಿಂದ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ, ಸಿಇಟಿ ಅಂಕವೊಂದರ ಮೇಲೆ ರ‍್ಯಾಂಕ್ ಕೊಟ್ಟರು. ಆ ಬ್ಯಾಚಿನವರು ಮರುವರ್ಷ ಮತ್ತೆ ಸಿಇಟಿ ಬರೆದಾಗ, ಅವರ ಪಿಯುಸಿ ಅಂಕವನ್ನು ಸೇರಿಸಬೇಕೇ ಬೇಡವೇ ಎಂಬ ಜಗಳ ಹೈಕೋರ್ಟ್‌ವರೆಗೂ ಹೋಯಿತು. ಈ ಅರ್ಧಕ್ಕೆ ಎಷ್ಟು ತೂಕ ಎಂದು ಊರಿಗೆಲ್ಲ ಗೊತ್ತಾಗಿದ್ದು ಆಗಲೇ.

ಪಿಯುಸಿ ನಿಜವಾಗಿಯೂ ಕೆಟ್ಟಿದ್ದರೆ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆ ಬರೆಸಿ. ಅಲ್ಲಿ ರ‍್ಯಾಂಕ್ ಪೂರ್ತಿ ಆ ಪರೀಕ್ಷೆಯ ಮೇಲೆ. ಫೀಸು ಜಾಸ್ತಿ, ಅದನ್ನು ಮೊದಲೇ ಯೋಚಿಸಿ. ಎರಡೂ ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೂ ಪ್ರತಿ ವರ್ಷ ಖಾಲಿ ಬಿಟ್ಟು ಬರುವ ಮಕ್ಕಳಿದ್ದಾರೆ!

ರ‍್ಯಾಂಕ್ ಬಂದ ಮೇಲೆ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ, ಅಂದರೆ ಯಾವ ಕಾಲೇಜಿನ ಕೊನೆಯ ಸೀಟು ಯಾವ ರ‍್ಯಾಂಕ್‌ಗೆ ಹೋಯಿತು ಎಂಬ ಪಟ್ಟಿ, ತೆಗೆಯಿರಿ. ಅದರಲ್ಲಿ ನಿಮ್ಮ ಮೀಸಲಾತಿ ವರ್ಗದ ಸಾಲನ್ನೇ ನೋಡಿ. 2ಎಜಿ, 2ಎಕೆ, 2ಎಆರ್ ಮೂರೂ ಬೇರೆ ಬೇರೆ. 2ಎ ಒಂದು ಹಿಂದುಳಿದ ವರ್ಗ. ಜಿ ಅಂದರೆ ಆ ವರ್ಗದ ಸಾಮಾನ್ಯ ಸಾಲು, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ತನ್ನ ಸಾಲು ಬಿಟ್ಟು ಜಿಎಂ (ಸಾಮಾನ್ಯ ವರ್ಗ) ಸಾಲು ನೋಡಿ ಕಣ್ಣೀರು ಹಾಕಿದ್ದನ್ನು ನಾನು ನೋಡಿದ್ದೇನೆ.

ಇನ್ನು ಆಪ್ಶನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವುದು. ಹೋದ ವರ್ಷ ಒಬ್ಬ ತಾಯಿ ಮಗಳ ಪಟ್ಟಿ ತಂದಿದ್ದರು. ಊರ ಹತ್ತಿರದ ಕಾಲೇಜು ಮೊದಲು, ಹುಡುಗಿಗೆ ಆಸೆಯಿದ್ದ ಕಾಲೇಜು ಆರನೆಯದು. "ಮೊದಲನೇದು ಗ್ಯಾರಂಟಿ ಸಿಗುತ್ತೆ ಸರ್, ಅದಕ್ಕೇ ಮೇಲೆ ಹಾಕಿದ್ವಿ." ನಿಜವಾದ ಸೀಟು ಹಂಚಿಕೆಗೆ ಮುಂಚೆ ನಡೆಯುವ ಅಣಕು ಹಂಚಿಕೆಯಲ್ಲಿ ಅದೇ ಸಿಕ್ಕಿತ್ತು, ಅವರಿಗೆ ಖುಷಿ. ಸಿಗದೆ ಏನು ಮಾಡುತ್ತೆ? ಕಂಪ್ಯೂಟರ್ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ, ನಿಮ್ಮ ರ‍್ಯಾಂಕ್‌ಗೆ ಎಲ್ಲಿ ಮೊದಲು ಸೀಟು ಸಿಗುತ್ತದೋ ಅಲ್ಲೇ ನಿಲ್ಲುತ್ತದೆ. ಕೆಳಗಿನದನ್ನು ಮುಟ್ಟುವುದೇ ಇಲ್ಲ. ಮೇಲೆ ಹತ್ತು ಸಿಗದ ಕಾಲೇಜು ಬರೆದರೂ ಹನ್ನೊಂದನೆಯದಕ್ಕೆ ಏನೂ ನಷ್ಟವಿಲ್ಲ. ಅಣಕು ಹಂಚಿಕೆಯ ನಂತರ ಪಟ್ಟಿ ಬದಲಿಸಲು ಸಮಯ ಕೊಡುತ್ತಾರೆ. ಆ ಸಂಜೆಯೇ ಕೂತು ಆರನೆಯದನ್ನು ಮೇಲಕ್ಕೆ ತಂದೆವು, ಊರಿನ ಕಾಲೇಜನ್ನು ಎರಡಕ್ಕೆ ಇಳಿಸಿದೆವು. ಮೊದಲ ಸುತ್ತಿನಲ್ಲೇ ಹುಡುಗಿಗೆ ಬೇಕಾದ ಸೀಟು ಬಂತು. ತಾಯಿಗೆ ಮಾತ್ರ ಈಗ ಹಾಸ್ಟೆಲ್ ಊಟದ ಚಿಂತೆ.