10 ಕಿ.ಮೀ.ಯಿಂದ 50 ಕಿ.ಮೀ.ಗೆ ತಲುಪಲು 73 ವರ್ಷ

2025ರ ಮಾರ್ಚ್ 9, ಭಾನುವಾರ. ನಾರ್ವೆಯ ಟ್ರಾಂಡ್‌ಹೈಮ್ ನಗರದ ಗ್ರಾನೋಸೆನ್‌ನಲ್ಲಿ ನಾರ್ಡಿಕ್ ವಿಶ್ವ ಸ್ಕೀ ಚಾಂಪಿಯನ್‌ಷಿಪ್‌ನ ಕೊನೆಯ ದಿನ. ಅಂದು ಮಹಿಳೆಯರ 50 ಕಿ.ಮೀ. ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಸ್ಪರ್ಧೆ ನಡೆಯಿತು. ಸ್ವೀಡನ್‌ನ ಫ್ರಿಡಾ ಕಾರ್ಲ್ಸನ್ ಚಿನ್ನ ಗೆದ್ದರು. ನಾರ್ವೆಯ ಹೈಡಿ ವೆಂಗ್ ಬೆಳ್ಳಿ, ಅದೇ ದೇಶದ ಥೆರೇಸಾ ಯೊಹಾಗ್ ಕಂಚು ಪಡೆದರು. ಫಲಿತಾಂಶ ಇಷ್ಟೇ. ಆದರೆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರು 50 ಕಿ.ಮೀ. ಓಡಿದ್ದು ಅದೇ ಮೊದಲು. ಪುರುಷರಿಗೆ ಈ ದೂರ 1924ರ ಶಾಮೊನಿ ಒಲಿಂಪಿಕ್ಸ್‌ನಿಂದಲೇ ಇತ್ತು. ಒಂದು ಶತಮಾನದ ಅಂತರವಿದು. ಇದರ ಹಿಂದಿನ ಕಾರಣಗಳನ್ನು ಹುಡುಕುತ್ತ ಹೋದರೆ, ಮಹಿಳೆಯರ ಶಕ್ತಿಯನ್ನು ಅಳೆದು ನೋಡಿ ಕೈಗೊಂಡ ತೀರ್ಮಾನ ಎಲ್ಲಿಯೂ ಸಿಗುವುದಿಲ್ಲ. ಸಿಗುವುದು ಅಂಜಿಕೆ ಮತ್ತು ರೂಢಿ ಮಾತ್ರ.

50 ಕಿ.ಮೀ. ಎಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ರಾಮನಗರದವರೆಗಿನ ದೂರ. ಅಷ್ಟನ್ನೂ ಹಿಮದ ಮೇಲೆ, ಏರು ಇಳಿವುಗಳಲ್ಲಿ, ಕಾಲಿಗೆ ಕಟ್ಟಿದ ತೆಳ್ಳನೆಯ ಸ್ಕೀ ಮತ್ತು ಕೈಯ ಎರಡು ಕೋಲುಗಳ ಬಲದಿಂದ ಕ್ರಮಿಸಬೇಕು. ಬೆಟ್ಟದ ತುದಿಯಿಂದ ಜಾರಿ ಬರುವ ಆಲ್ಪೈನ್ ಸ್ಕೀಯಿಂಗ್‌ನಂತೆ ಇಲ್ಲಿ ದಾರಿಯುದ್ದಕ್ಕೂ ಇಳಿಜಾರು ನೆರವಿಗೆ ಬರುವುದಿಲ್ಲ. ಏರಿನಲ್ಲಿ ಸ್ಪರ್ಧಿಯೇ ತನ್ನ ಮೈಯನ್ನು ಎತ್ತಿಕೊಂಡು ಹೋಗಬೇಕು. ಒಂದೇ ಸುತ್ತನ್ನು ಮತ್ತೆ ಮತ್ತೆ ಓಡುವಾಗ ದಾರಿ ಬದಿಯಲ್ಲಿ ತಂಡದವರು ಬಾಟಲಿ ಹಿಡಿದು ಕಾಯುತ್ತಾರೆ. ಸ್ಪರ್ಧಿ ಹತ್ತಿರ ಬರುತ್ತಿದ್ದಂತೆ ತಾವೂ ನಾಲ್ಕು ಹೆಜ್ಜೆ ಓಡಿ ಕೈಗೆ ಕೊಡುತ್ತಾರೆ. ಆಕೆ ಕೋಲುಗಳನ್ನು ಮಣಿಕಟ್ಟಿಗೆ ತೂಗಿಬಿಟ್ಟು, ಸಾಗುತ್ತಲೇ ಎರಡು ಗುಟುಕು ಸಿಹಿನೀರು ನುಂಗಿ ಬಾಟಲಿಯನ್ನು ಹಿಮದ ಮೇಲೆ ಎಸೆಯುತ್ತಾಳೆ. ಒಂದೆರಡು ಬಾರಿ ಇದು ತಪ್ಪಿದರೂ ಕೊನೆಯ ಸುತ್ತಿನಲ್ಲಿ ಕಾಲು ಏಳುವುದಿಲ್ಲ. ಮಹಿಳೆಯರಿಗೆ ಇದು ಅಸಾಧ್ಯವೆಂದು ಬಹಳ ಕಾಲ ನಂಬಲಾಗಿತ್ತು.

ಆ ನಂಬಿಕೆ ಸುಳ್ಳೆಂದು ತೋರಿಸಲು ಒಬ್ಬಾಕೆಗೆ ಹತ್ತು ಗಂಟೆ ಸಾಕಾಗಿತ್ತು. ಸ್ವೀಡನ್‌ನ ವಾಸಾಲೊಪೆಟ್ 90 ಕಿ.ಮೀ. ಸ್ಪರ್ಧೆ, 1922ರಲ್ಲಿ ಶುರುವಾಯಿತು. ಮರುವರ್ಷವೇ ವ್ಯಾಯಾಮ ಶಿಕ್ಷಕಿ ಮಾರ್ಗಿಟ್ ನೋರ್ಡಿನ್ ಪುರುಷರ ನಡುವೆ ಓಡಿ 10 ಗಂಟೆ 9 ನಿಮಿಷ 42 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಇಂತಹ ಸಾಧನೆಯ ನಂತರ ಬಾಗಿಲು ಇನ್ನಷ್ಟು ತೆರೆಯಬೇಕಿತ್ತು. ಆದದ್ದು ಬೇರೆ. 1924ರಲ್ಲಿ ಮಹಿಳೆಯರಿಗೆ ನಿಷೇಧ ಬಂತು, ಅದು 1981ರವರೆಗೂ ಉಳಿಯಿತು. ನಡುವಿನ ವರ್ಷಗಳಲ್ಲಿ ಗಂಡಸರ ವೇಷ ಹಾಕಿ ಓಡಿದ ಮಹಿಳೆಯರಿದ್ದರು. ನೋರ್ಡಿನ್ 90 ಕಿ.ಮೀ. ಮುಗಿಸಿದ್ದು ಎಲ್ಲರ ಕಣ್ಣೆದುರಿಗೇ ಇತ್ತು, ಆದರೂ ಯಾರೂ ಅದನ್ನು ಪುರಾವೆ ಎಂದು ಎಣಿಸಲಿಲ್ಲ. ಈ ಇತಿಹಾಸದಲ್ಲಿ ನನಗೆ ಅತಿ ಹೆಚ್ಚು ನೋವು ತರುವ ಸಂಗತಿ ಇದು.

ಆ ಕಾಲದ ಅಂಜಿಕೆ ಸ್ಕೀಯಿಂಗ್‌ಗಷ್ಟೇ ಸೀಮಿತವಾಗಿರಲಿಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ಮುಗಿದಾಗ, ಓಟಗಾರ್ತಿಯರು ಸಾಲಾಗಿ ಕುಸಿದು ಬಿದ್ದರೆಂದು ಪತ್ರಿಕೆಗಳು ಉತ್ಪ್ರೇಕ್ಷೆಯಿಂದ ಬರೆದವು. ಅದರ ಪರಿಣಾಮವಾಗಿ 1960ರವರೆಗೆ ಆ ಓಟವೇ ಒಲಿಂಪಿಕ್ಸ್‌ನಲ್ಲಿ ಇರಲಿಲ್ಲ. ಓಟದ ಕೊನೆಗೆ ಪುರುಷರೂ ನೆಲಕ್ಕೆ ಬೀಳುತ್ತಾರೆ. ಅದನ್ನು ಶ್ರಮದ ಗುರುತೆಂದು ಮೆಚ್ಚಲಾಗುತ್ತದೆ.

ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕ್ರಾಸ್‌ಕಂಟ್ರಿ ಕಾಲಿಟ್ಟಿದ್ದು 1952ರಲ್ಲಿ, ಓಸ್ಲೊದಲ್ಲಿ. ಇದ್ದದ್ದು ಒಂದೇ ಸ್ಪರ್ಧೆ, 10 ಕಿ.ಮೀ. ಎಂಟು ದೇಶಗಳ 20 ಮಹಿಳೆಯರು ಓಡಿದರು. ಫಿನ್‌ಲೆಂಡ್‌ನ ಲಿಡಿಯಾ ವಿಡೆಮನ್ ಚಿನ್ನ, ಮಿರ್ಯಾ ಹಿಯೆಟಮಿಯೆಸ್ ಬೆಳ್ಳಿ, ಸೀರಿ ರಂತನೆನ್ ಕಂಚು ಗೆದ್ದರು. ಎರಡು ವರ್ಷಗಳ ನಂತರ ಸ್ವೀಡನ್‌ನ ಫಾಲೂನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೂ ಮಹಿಳೆಯರು ಬಂದರು. 10 ಕಿ.ಮೀ. ಜೊತೆಗೆ ತಲಾ 5 ಕಿ.ಮೀ.ಯ ಮೂವರ ರಿಲೇ ಸೇರಿತು. ಸೋವಿಯತ್ ಒಕ್ಕೂಟದ ಲ್ಯುಬೋವ್ ಕೋಜಿರೆವಾ ಅಲ್ಲಿ ಗೆದ್ದರು, 1956ರ ಒಲಿಂಪಿಕ್ಸ್‌ನಲ್ಲಿಯೂ ಗೆದ್ದರು.

ಅಲ್ಲಿಂದ ಮುಂದೆ ದೂರ ಹೆಚ್ಚಿದ ಪರಿ ಬಹಳ ನಿಧಾನ. 1964ರಲ್ಲಿ ಒಲಿಂಪಿಕ್ಸ್‌ಗೆ ಹೊಸದಾಗಿ ಸೇರಿದ್ದು ಇನ್ನೂ ಚಿಕ್ಕ ದೂರ, 5 ಕಿ.ಮೀ. 20 ಕಿ.ಮೀ. ಸ್ಪರ್ಧೆ ಬರಲು 1978ರ ಲಾಹ್ಟಿ ವಿಶ್ವ ಚಾಂಪಿಯನ್‌ಷಿಪ್‌ವರೆಗೆ ಕಾಯಬೇಕಾಯಿತು. ಅದಾದ ಮೇಲೂ 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಹಾಗಾಗಿ ಆ ವರ್ಷ ಫಾಲೂನ್‌ನಲ್ಲಿ ಮಹಿಳೆಯರ 20 ಕಿ.ಮೀ.ಗಾಗಿಯೇ ವಿಶೇಷ ವಿಶ್ವ ಚಾಂಪಿಯನ್‌ಷಿಪ್ ನಡೆಸಬೇಕಾಯಿತು. ಪೂರ್ವ ಜರ್ಮನಿಯ ವೆರೋನಿಕಾ ಹೆಸ್ಸೆ ಅದರಲ್ಲಿ ಗೆದ್ದರು.

1984ರ ಸರಾಯೆವೊದಲ್ಲಿ ಕೊನೆಗೂ 20 ಕಿ.ಮೀ. ಒಲಿಂಪಿಕ್ಸ್ ಸ್ಪರ್ಧೆಯಾಯಿತು. ಫಿನ್‌ಲೆಂಡ್‌ನ ಮಾರ್ಯಾ-ಲೀಸಾ ಹಮಲೈನೆನ್ 5, 10, 20 ಕಿ.ಮೀ. ಮೂರನ್ನೂ ಗೆದ್ದರು. ದಣಿವು ಆಕೆಯ ಸಮಸ್ಯೆಯಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ವರ್ಷದ ಬೇಸಿಗೆಯಲ್ಲಿ, ಲಾಸ್ ಏಂಜಲೀಸ್‌ನಲ್ಲಿ, ಜೋನ್ ಬೆನೊಯಿಟ್ ಮಹಿಳೆಯರ ಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದರು. ಡಾಂಬರು ರಸ್ತೆಯ ಮೇಲೆ 42 ಕಿ.ಮೀ. ಓಡಬಲ್ಲ ಮಹಿಳೆಗೆ ಹಿಮದ ಮೇಲೆ 20 ಕಿ.ಮೀ. ಸಾಕೆಂದು ಹೇಳುವುದಕ್ಕೆ ಅಂದಿನಿಂದ ಯಾವ ಆಧಾರವೂ ಉಳಿದಿರಲಿಲ್ಲ. ಆದರೂ 1989ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ, 1992ರಲ್ಲಿ ಒಲಿಂಪಿಕ್ಸ್‌ಗೆ ಬಂದ 30 ಕಿ.ಮೀ. ದೂರವೇ ಮೂರು ದಶಕಗಳ ಕಾಲ ಮಹಿಳೆಯರ ಗಡಿಯಾಗಿ ಉಳಿಯಿತು.

ಆ ಗಡಿಯೊಳಗೆ ದೊಡ್ಡ ಸಾಧಕಿಯರು ಬೆಳೆದರು. ಮಾರಿಟ್ ಬ್ಯೋರ್ಗೆನ್ 2018ರಲ್ಲಿ ತಮ್ಮ ಎಂಟನೇ ಒಲಿಂಪಿಕ್ ಚಿನ್ನವನ್ನು 30 ಕಿ.ಮೀ.ಯಲ್ಲಿ ಗೆದ್ದಾಗ ಎರಡನೆಯವರು ಒಂದೂಮುಕ್ಕಾಲು ನಿಮಿಷಕ್ಕೂ ಹೆಚ್ಚು ಹಿಂದಿದ್ದರು. ಯೊಹಾಗ್ ಈ ದೂರದಲ್ಲಿ 2011, 2015, 2019, 2021ರಲ್ಲಿ ವಿಶ್ವ ಚಾಂಪಿಯನ್ ಆದರು, 2022ರಲ್ಲಿ ಒಲಿಂಪಿಕ್ ಚಾಂಪಿಯನ್ ಆಗಿ ನಿವೃತ್ತರಾದರು. ದೂರ ಹೆಚ್ಚಿದಷ್ಟೂ ಬಲಗೊಳ್ಳುವ ಆಟಗಾರ್ತಿ ಆಕೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 50 ಕಿ.ಮೀ. ಓಡುವ ಅವಕಾಶ ಆಕೆಗೆ ಸಿಕ್ಕಿದ್ದು ನಿವೃತ್ತಿಯಿಂದ ಮರಳಿ ಬಂದ ಮೇಲೆ, 36ನೇ ವಯಸ್ಸಿನಲ್ಲಿ. ಹತ್ತು ವರ್ಷ ಮೊದಲೇ ಈ ಸ್ಪರ್ಧೆ ಇದ್ದಿದ್ದರೆ ದಾಖಲೆ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಕಂಚಷ್ಟೇ ಇರುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಬದಲಾವಣೆ ಬಂದದ್ದು 2022ರ ಮೇ ತಿಂಗಳಲ್ಲಿ. ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್‌ನ ಕ್ರಾಸ್‌ಕಂಟ್ರಿ ಸಮಿತಿಯಲ್ಲಿ ಶೇ 57ರಷ್ಟು ಮತಗಳು ಸಮಾನ ದೂರದ ಪರವಾಗಿ ಬಿದ್ದವು. ತಾವು ಪುರುಷರಷ್ಟೇ ದೂರ ಓಡಬಲ್ಲೆವೆಂದು ಮಹಿಳೆಯರು ಸಾಬೀತು ಮಾಡಬೇಕಾದ ಅಗತ್ಯವೇ ಇಲ್ಲ ಎಂಬುದು ಪರವಾಗಿದ್ದವರ ಮುಖ್ಯ ವಾದ. ವಿರೋಧಿಸಿದವರು ಮಹಿಳೆಯರ ಸ್ಪರ್ಧೆಗೆ ಹೆಚ್ಚು ಹೊತ್ತು ಬೇಕಾಗುತ್ತದೆ, ಟಿ.ವಿ. ಪ್ರಸಾರಕ್ಕೆ ತೊಂದರೆಯಾಗುತ್ತದೆ ಎಂದರು. ಪ್ರಸಾರದ ಪ್ರಶ್ನೆ ಹುಸಿಯಲ್ಲ, ಆ ಕ್ರೀಡೆಯ ಹಣ ಬಹುಮಟ್ಟಿಗೆ ಅಲ್ಲಿಂದಲೇ ಬರುತ್ತದೆ. ಆದರೆ ಒಂದು ಕಾಲಕ್ಕೆ ಗರ್ಭಕೋಶ, ಹೃದಯಗಳಿಗೆ ಹಾನಿಯಾಗುತ್ತದೆಂಬ ಹೆಸರಿನಲ್ಲಿ ನಡೆದ ತಡೆ ಈಗ ಗಡಿಯಾರದ ಹೆಸರಿಗೆ ಇಳಿದಿತ್ತು ಎಂಬುದನ್ನೂ ಗಮನಿಸಬೇಕು.

ಸಮಾನತೆಗಾಗಿ ಪುರುಷರೂ ಬಿಟ್ಟುಕೊಟ್ಟರು. ಅವರ 15 ಕಿ.ಮೀ. ಸ್ಪರ್ಧೆ 10ಕ್ಕೆ, ಸ್ಕೀಯಿಂಗ್‌ನ ಎರಡು ಶೈಲಿಗಳನ್ನು ಒಂದೇ ಸ್ಪರ್ಧೆಯಲ್ಲಿ ಬೆರೆಸುವ 30 ಕಿ.ಮೀ. ಸ್ಕೀಯಾಥ್ಲಾನ್ 20ಕ್ಕೆ ಇಳಿಯಿತು. ರಿಲೇಯಲ್ಲಿ ಪುರುಷರ ತಲಾ 10 ಕಿ.ಮೀ., ಮಹಿಳೆಯರ ತಲಾ 5 ಕಿ.ಮೀ. ಎರಡೂ ಏಳೂವರೆಯಲ್ಲಿ ಸಂಧಿಸಿದವು. 50 ಕಿ.ಮೀ. ಮಾತ್ರ ಇಳಿಯಲಿಲ್ಲ, ಅಲ್ಲಿಗೆ ಮಹಿಳೆಯರೇ ಏರಿದರು. 2023ರ ಮಾರ್ಚ್‌ನಲ್ಲಿ ಓಸ್ಲೊದ ಹೋಲ್ಮೆನ್‌ಕೊಲೆನ್‌ನಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ 50 ಕಿ.ಮೀ. ಸ್ಪರ್ಧೆಯನ್ನು ರಾಗ್ನ್‌ಹಿಲ್ಡ್ ಹಾಗಾ ಗೆದ್ದರು. ಕೆಲವೇ ದಿನ ಮೊದಲು ಸ್ಲೊವೇನಿಯಾದ ಪ್ಲಾನಿಟ್ಸಾದಲ್ಲಿ ಮುಗಿದ ವಿಶ್ವ ಚಾಂಪಿಯನ್‌ಷಿಪ್ ಹಳೆಯ ದೂರಗಳಲ್ಲೇ ನಡೆದಿತ್ತು.

ಕನ್ನಡ ಓದುಗರಿಗೆ ಈ ಕ್ರೀಡೆ ಪೂರ್ತಿ ಪರದೇಶಿಯೇನಲ್ಲ. ಕೊಡಗಿನ ತೆಕ್ಕಡ ಭವಾನಿ ನಂಜುಂಡ 2025ರಲ್ಲಿ ಚಿಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ವಿಭಾಗದಲ್ಲಿ ಕಂಚು ಗೆದ್ದರು. ಹಿಮವೇ ಬೀಳದ ಜಿಲ್ಲೆಯಿಂದ ಹೊರಟವರು ಅಲ್ಲಿಗೆ ಮುಟ್ಟಿದ್ದನ್ನು ನಮ್ಮ ಕ್ರೀಡಾಪುಟಗಳು ಇನ್ನೂ ದೊಡ್ಡದಾಗಿ ಬರೆಯಬೇಕು.

2026ರ ಮಿಲಾನ್–ಕೊರ್ಟಿನಾ ಒಲಿಂಪಿಕ್ಸ್‌ನ ವೇಳಾಪಟ್ಟಿಯಲ್ಲಿ ಕ್ರಾಸ್‌ಕಂಟ್ರಿಯ ಎಲ್ಲ ದೂರಗಳನ್ನೂ ಮೊದಲ ಬಾರಿಗೆ ಸಮಾನಗೊಳಿಸಲಾಯಿತು. ಆದರೆ ಅದೇ ಪಟ್ಟಿಯಲ್ಲಿ ಸ್ಕೀ ಜಿಗಿತ ಮತ್ತು ಕ್ರಾಸ್‌ಕಂಟ್ರಿಯನ್ನು ಜೋಡಿಸುವ ನಾರ್ಡಿಕ್ ಕಂಬೈನ್ಡ್ ಪುರುಷರಿಗಷ್ಟೇ ಮೀಸಲಾಗಿ ಉಳಿಯಿತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರು 2021ರಿಂದಲೇ ಅದರಲ್ಲಿ ಸ್ಪರ್ಧಿಸುತ್ತಿದ್ದಾರೆ. ಮೊದಲ ಚಿನ್ನ ನಾರ್ವೆಯ ಗೀಡಾ ವೆಸ್ಟ್‌ವೋಲ್ಡ್ ಹಾನ್ಸೆನ್ ಅವರದು. ಒಲಿಂಪಿಕ್ ಸಮಿತಿ 2022ರಲ್ಲಿ ಮಹಿಳೆಯರನ್ನು ಹೊರಗಿಟ್ಟಾಗ ನೀಡಿದ ಕಾರಣಗಳು ಎರಡು: ನೋಡುವವರು ಕಡಿಮೆ, ಪದಕ ಗೆಲ್ಲುವ ದೇಶಗಳೂ ಕಡಿಮೆ. 1952ರ ಓಸ್ಲೊದಲ್ಲಿ ಮಹಿಳೆಯರ ಮೂರೂ ಪದಕಗಳು ಒಂದೇ ದೇಶಕ್ಕೆ ಹೋಗಿದ್ದವು. ಆ ಸ್ಪರ್ಧೆಯನ್ನು ಯಾರೂ ಕೈಬಿಡಲಿಲ್ಲ. ನಾಲ್ಕು ವರ್ಷಗಳ ನಂತರ ಅದಕ್ಕೆ ರಿಲೇಯನ್ನೂ ಸೇರಿಸಿದರು.