ಜ್ವರದಲ್ಲಿ ಎಚ್ಚರ ತಪ್ಪಿದರೆ

ಜ್ವರ ನೆತ್ತಿಗೇರಿ ಎಚ್ಚರ ತಪ್ಪಿತು ಎನ್ನುವವರಿದ್ದಾರೆ. ಆದರೆ ದೊಡ್ಡವರು ಜ್ವರದಲ್ಲಿ ಕುಸಿದು ಬಿದ್ದರೆ, ಬಹಳ ಸಲ ಅದಕ್ಕೆ ಕಾರಣ ತಲೆಗೇರಿದ ಬಿಸಿಯಲ್ಲ, ತಲೆಗೆ ತಲುಪದ ರಕ್ತ.

ಮಲಗಿದ್ದವರು ಎದ್ದು ನಿಂತೊಡನೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಗಳ ಕಡೆಗೆ ಇಳಿಯುತ್ತದೆ. ಕುತ್ತಿಗೆ ಮತ್ತು ಎದೆಯ ದೊಡ್ಡ ರಕ್ತನಾಳಗಳಲ್ಲಿರುವ ನರತುದಿಗಳು ಒತ್ತಡ ತಗ್ಗಿದ್ದನ್ನು ಗ್ರಹಿಸುತ್ತವೆ. ಹೃದಯ ಚುರುಕಾಗುತ್ತದೆ, ನಾಳಗಳು ಬಿಗಿಯುತ್ತವೆ. ನಮಗೆ ಇದಾವುದೂ ಗೊತ್ತೇ ಆಗುವುದಿಲ್ಲ. ಜ್ವರ ಇಳಿಯುವ ಹೊತ್ತಿನಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಶಾಖ ಹೊರಹಾಕಲು ಚರ್ಮದ ನಾಳಗಳು ಹಿಗ್ಗಿರುತ್ತವೆ. ಬೆವರು, ವಾಂತಿ, ನೀರು ಸೇರದ ಬಾಯಿ, ಎಲ್ಲವೂ ಸೇರಿ ರಕ್ತದ ಪ್ರಮಾಣವನ್ನೇ ತಗ್ಗಿಸಿರುತ್ತವೆ. ಒಂದು ಡಿಗ್ರಿ ಸೆಲ್ಸಿಯಸ್‌ ಏರಿಕೆಗೆ ನಿಮಿಷಕ್ಕೆ ಸುಮಾರು 10 ಬಡಿತದಂತೆ ಹೃದಯ ಆಗಲೇ ಓಡುತ್ತಿರುತ್ತದೆ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳಿಗೆ ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಶೇ. 15 ಬೇಕು. ಅದು ಹತ್ತು ಸೆಕೆಂಡು ನಿಂತರೆ ಸಾಕು, ಪ್ರಜ್ಞೆ ಹೋಗುತ್ತದೆ.

ಬೀಳುವುದೇ ಇದಕ್ಕೆ ಒಂದು ಬಗೆಯ ಮದ್ದು: ತಲೆ ಹೃದಯದ ಮಟ್ಟಕ್ಕೆ ಬಂದೊಡನೆ ರಕ್ತ ಹರಿದು ಎಚ್ಚರ ಮರಳುತ್ತದೆ. ಗಾಬರಿಯಲ್ಲಿ ಎತ್ತಿ ಕೂರಿಸುವ ಬಂಧುಗಳೇ ಆಗ ತೊಂದರೆ. ಮಲಗಿಸಿ ಕಾಲು ಎತ್ತಿ ಹಿಡಿಯಬೇಕು.

ಮಕ್ಕಳ ಕಥೆ ಬೇರೆ. ಆರು ತಿಂಗಳಿಂದ ಐದು ವರ್ಷದವರಲ್ಲಿ, ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದ ಸೆಳೆತ (ಫಿಟ್ಸ್) ಬರುತ್ತದೆ. ನೋಡಲು ಭಯಂಕರ, ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತವೆ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಯಾರೇ ಆಗಲಿ, ಬಿದ್ದ ಮೇಲೆ ಒಂದೆರಡು ನಿಮಿಷದಲ್ಲಿ ಎಚ್ಚರ ಮರಳದಿದ್ದರೆ, ಮರಳಿದರೂ ಮಾತು ತೊದಲಿದರೆ, ಕುತ್ತಿಗೆ ಸೆಟೆದುಕೊಂಡಿದ್ದರೆ ಅದು ಬರಿಯ ನಿತ್ರಾಣವಲ್ಲ. ಮಿದುಳುಪೊರೆಯ ಉರಿಯೂತ, ಮಿದುಳಿಗೇರಿದ ಮಲೇರಿಯಾ, ರಕ್ತಕ್ಕೆ ಹರಡಿದ ಸೋಂಕು ಹೀಗೆ ಕಾಣಿಸಿಕೊಳ್ಳಬಹುದು. ಡೆಂಗಿ ಇನ್ನೂ ಕಪಟಿ: ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿದು ಮನೆಯವರು ನಿರಾಳರಾದಾಗಲೇ ರಕ್ತದ ದ್ರವ ನಾಳಗಳಿಂದ ಸೋರತೊಡಗಬಹುದು. ಆಗಿನ ತಲೆಸುತ್ತನ್ನು ಕಡೆಗಣಿಸುವಂತಿಲ್ಲ.

ಅಪರೂಪಕ್ಕೆ ದೋಷ ಹೃದಯದ ವಿದ್ಯುತ್ತಿನಲ್ಲೇ ಇರುತ್ತದೆ. 1992ರಲ್ಲಿ ಹೃದಯತಜ್ಞರಾದ ಬ್ರುಗಾಡಾ ಸಹೋದರರು ವಿವರಿಸಿದ ಆನುವಂಶಿಕ ಕಾಯಿಲೆ, ಉಳಿದ ದಿನಗಳಲ್ಲಿ ಅಡಗಿದ್ದು ಮೈ ಕಾದಾಗ ಇಸಿಜಿಯಲ್ಲಿ ಕಾಣಿಸಿಕೊಳ್ಳಬಲ್ಲದು, ಹೃದಯದ ಲಯವನ್ನೂ ಕೆಡಿಸಬಲ್ಲದು. ಹತ್ತಿರದ ಬಂಧುಗಳಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನು ವೈದ್ಯರಿಗೆ ಹೇಳಬೇಕು, ಜ್ವರ ಇರುವಾಗಲೇ ಇಸಿಜಿ ಮಾಡಿಸಬೇಕು.