ಬೆಂಕಿ ಹತ್ತಿರ ಹೋಗುವ ಮುಂಚೆ ವಾಪಸ್ ದಾರಿ ನೋಡಿ

ಕಾಡಿನ ಬೆಂಕಿ ಆರಿಸುವ ಕೆಲಸಕ್ಕೆ ಹೊಸದಾಗಿ ಬಂದವರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಅವರು ಹೆದರುತ್ತಾರೆ. ಹಿರಿಯ ವಾಚರ್, ಅಂದರೆ ಕಾಡು ಕಾಯುವವರ, ಬೆನ್ನ ಹಿಂದೆಯೇ ಇರುತ್ತಾರೆ, ಹೇಳಿದಷ್ಟು ಮಾಡುತ್ತಾರೆ. ನನ್ನ ಚಿಂತೆಯೆಲ್ಲ ಮೂರ್ನಾಲ್ಕು ಬೇಸಿಗೆ ಕಳೆದವರದ್ದು. ಅವರ ಕೈ ಪಳಗಿರುತ್ತದೆ. ಹಸಿ ಸೊಪ್ಪು ಹಿಡಿದು ಬಡಿಯುವುದು ಗೊತ್ತು, ಬ್ಲೋವರ್ ಹಾಕಿ ತರಗು ಸರಿಸುವುದು ಗೊತ್ತು, ಎದುರು ಬೆಂಕಿ ಕೊಡುವುದನ್ನೂ, ಅಂದರೆ ಬರುವ ಬೆಂಕಿಯ ಮುಂದಿನ ಹುಲ್ಲು ತರಗನ್ನು ನಾವೇ ಮೊದಲು ಸುಡುವುದನ್ನೂ, ನೋಡಿರುತ್ತಾರೆ. ಇಷ್ಟು ದಿನ ಏನೂ ಆಗಿಲ್ಲ ಅನ್ನುವ ಧೈರ್ಯ ಬೇರೆ. ಕಣ್ಣು ಉರಿಯ ಮೇಲೆಯೇ ನೆಟ್ಟಿರುತ್ತದೆ. ತಿರುಗಿ ನೋಡುವ ಅಭ್ಯಾಸ ಮೆಲ್ಲಗೆ ಬಿಟ್ಟುಹೋಗಿರುತ್ತದೆ. ಇದನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ.

ನನ್ನ ನಾಲ್ಕನೇ ಬೇಸಿಗೆಯಲ್ಲಿ ನಾನೂ ಹಾಗೇ ಇದ್ದೆ. ಮಾರ್ಚ್ ತಿಂಗಳು, ಮಧ್ಯಾಹ್ನ ಎರಡೂವರೆ. ಹುಲ್ಲುಗುಡ್ಡದ ನಡುಮಟ್ಟದಲ್ಲಿ ಆರು ಜನ ನಿಂತು, ಬೆಂಕಿ ದಾಟದ ಹಾಗೆ ಹುಲ್ಲು ತೆಗೆದು ಗೆರೆ ಕೆರೆಯುತ್ತಿದ್ದೆವು. ಬೆಂಕಿ ನಮ್ಮ ಕೆಳಗಿನ ಕೊರಕಲಿನಲ್ಲಿತ್ತು. ಉರಿ ಮೊಣಕಾಲೆತ್ತರವೂ ಇರಲಿಲ್ಲ. ಇನ್ನು ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ಆಗ ಗಾಳಿ ಪೂರ್ತಿ ನಿಂತುಹೋಯಿತು. ಆಮೇಲೆ ಕೆಳಗಿಂದ ಎದ್ದು ಬಂತು. ಎದುರು ಏಣಿನ ಮೇಲೆ ಕೂತಿದ್ದ ಹಿರಿಯ ವಾಚರ್ ಒಬ್ಬರು ಕೂಗಿದರು: "ಮೇಲಕ್ ಓಡ್ಬೇಡ್ರಪ್ಪೋ! ಅಡ್ಡಕ್ ಬನ್ನಿ, ಸುಟ್ಟಿರೋ ಕಡೆ ಬನ್ನಿ!"

ನನ್ನ ಕಾಲು ಆಗಲೇ ಮೇಲಕ್ಕೆ ತಿರುಗಿತ್ತು. ಬೆಳಿಗ್ಗೆ ಸುಟ್ಟು ಕಪ್ಪಾಗಿದ್ದ ನೆಲ ನಮ್ಮ ಎಡಕ್ಕೆ ನಲವತ್ತು ಹೆಜ್ಜೆ ದೂರದಲ್ಲಿತ್ತು. ಆರೂ ಜನ ಅಲ್ಲಿಗೆ ಹೋಗಿ ಮುಖ ಮುಚ್ಚಿಕೊಂಡು ಕೂತೆವು. ನಾವು ಕೆರೆದಿದ್ದ ಗೆರೆಯನ್ನು ಬೆಂಕಿ ದಾಟಿ ಗುಡ್ಡದ ನೆತ್ತಿ ಮುಟ್ಟಿತು. ಅಷ್ಟು ಹೊತ್ತು ನಾನು ಆ ಕಪ್ಪು ನೆಲದ ಪಕ್ಕದಲ್ಲೇ ಕೆಲಸ ಮಾಡಿದ್ದೆ. ಆದರೆ ಅದನ್ನು ಗಮನಿಸಿಯೇ ಇರಲಿಲ್ಲ.

ಮೇಲಕ್ಕೆ ಓಡಿದ್ದರೆ ಏನಾಗುತ್ತಿತ್ತು? ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಹೋಗುವಾಗ ಅದರ ಉರಿ ಮುಂದಿನ ಹುಲ್ಲಿನ ಕಡೆಗೆ ಬಾಗುತ್ತದೆ. ಬಿಸಿಗಾಳಿ ಹುಲ್ಲನ್ನು ಮೊದಲೇ ಒಣಗಿಸಿ ಇಟ್ಟಿರುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಅನ್ನುವುದು ಈ ಕೆಲಸದವರು ಬಳಸುವ ಲೆಕ್ಕ. ಸಮತಟ್ಟಿನಲ್ಲಿ ನಡೆಯುವವನ ಜೊತೆ ನಡೆಯುವ ಬೆಂಕಿ, ಇಪ್ಪತ್ತು ಡಿಗ್ರಿ ಏರಿನಲ್ಲಿ ನಾಲ್ಕು ಪಟ್ಟು ಜೋರಾಗುತ್ತದೆ. ಅದೇ ಏರಿನಲ್ಲಿ ಮನುಷ್ಯನ ಓಟ ನಿಧಾನವಾಗುತ್ತದೆ. ಬೆನ್ನಿಗೆ ನೀರಿನ ಪಂಪ್ ಇದ್ದರಂತೂ ಕೇಳುವುದೇ ಬೇಡ. ಕೊರಕಲು ಇನ್ನೂ ಕೆಟ್ಟದ್ದು. ಎರಡು ಬದಿಯ ದಿಣ್ಣೆ ನಡುವೆ ಅದು ಒಲೆಯ ಹೊಗೆಗೂಡಿನ ಹಾಗೆ ಬೆಂಕಿಯನ್ನು ಎಳೆದುಕೊಳ್ಳುತ್ತದೆ. ಕೊರಕಲಿನ ಮೇಲ್ತುದಿಯಲ್ಲಿ ಯಾವತ್ತೂ ನಿಲ್ಲಬೇಡಿ.

2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋಗಿದ್ದವರು ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿಗೆ ಸಿಕ್ಕಿದರು. 20ಕ್ಕೂ ಹೆಚ್ಚು ಜನ ತೀರಿಕೊಂಡರು. ನಮ್ಮ ಚಾರ್ಮಾಡಿ, ಮುಳ್ಳಯ್ಯನಗಿರಿ ಕಡೆಯ ಹುಲ್ಲುಗುಡ್ಡಗಳೂ ಅಂಥವೇ ಅಲ್ವಾ? ಆ ಚಾರಣಿಗರಿಗೆ ತರಬೇತಿ ಇರಲಿಲ್ಲ. ತರಬೇತಿ ಇದ್ದವರೂ ಹೀಗೆ ಸಿಕ್ಕಿಬಿದ್ದಿದ್ದಾರೆ. ಅಮೆರಿಕದ ಮೊಂಟಾನಾದಲ್ಲಿ ಮ್ಯಾನ್ ಗಲ್ಚ್ ಅನ್ನುವ ಕಣಿವೆ ಇದೆ. 1949ರ ಆಗಸ್ಟ್ 5ರಂದು ಅಲ್ಲಿ 16 ಜನ ಬೆಂಕಿ ಆರಿಸುವವರು ಕಡಿದಾದ ಹುಲ್ಲಿನ ಏರಿನಲ್ಲಿ ಬೆಂಕಿಯಿಂದ ಓಡಿದರು. ಅವರಲ್ಲಿ 13 ಜನ ಸತ್ತರು. ತಂಡದ ಮುಖ್ಯಸ್ಥ ವ್ಯಾಗ್ ಡಾಜ್ ಓಡುವುದನ್ನು ನಿಲ್ಲಿಸಿ ತನ್ನ ಮುಂದಿನ ಹುಲ್ಲಿಗೇ ಬೆಂಕಿ ಹಚ್ಚಿದ. ಅದು ಸುಟ್ಟು ಮುಂದೆ ಹೋದ ಮೇಲೆ ಆ ಬೂದಿಯಲ್ಲಿ ಬೋರಲು ಮಲಗಿದ. ದೊಡ್ಡ ಬೆಂಕಿ ಅವನನ್ನು ಸುತ್ತಿಕೊಂಡು ಹೋಯಿತು, ಅವನು ಬದುಕಿದ. ಉಳಿದವರನ್ನೂ ಕರೆದಿದ್ದ. ಅವರಿಗೆ ಅದು ಅರ್ಥವಾಗಲಿಲ್ಲ.

ತರಬೇತಿಯಲ್ಲಿ ಈ ಕಥೆ ಹೇಳಿದಾಗಲೆಲ್ಲ ಹುಡುಗರಿಗೆ ಬೆಂಕಿ ಹಚ್ಚಿದ ಉಪಾಯವೇ ಹಿಡಿಸುತ್ತದೆ. ನನ್ನನ್ನು ಕಾಡುವುದು ಅವರಿಗೆ ಅರ್ಥವಾಗಲಿಲ್ಲ ಅನ್ನುವ ಮಾತು. ಬೆಂಕಿ ಬೆನ್ನಟ್ಟುವಾಗ ಹೊಸ ವಿಷಯ ಯಾರ ತಲೆಗೂ ಹೋಗುವುದಿಲ್ಲ. ಸುಟ್ಟ ನೆಲಕ್ಕೆ ಹೋಗೋಣ ಅನ್ನುವುದು ಮೊದಲೇ ಎಲ್ಲರಿಗೂ ಗೊತ್ತಿರಬೇಕು.

1991ರಲ್ಲಿ ಪಾಲ್ ಗ್ಲೀಸನ್ ಅನ್ನುವ ಅಮೆರಿಕದ ಅಗ್ನಿಶಾಮಕರು ಇದನ್ನು ನಾಲ್ಕು ಪ್ರಶ್ನೆಗೆ ಇಳಿಸಿದರು. ಬೆಂಕಿಯನ್ನು ದೂರದಿಂದ ನೋಡುವವರು ಯಾರು? ಅವರ ಮಾತು ನಮಗೆ ಹೇಗೆ ಮುಟ್ಟುತ್ತದೆ? ಯಾವ ದಾರಿಯಲ್ಲಿ ಹೊರಡುತ್ತೇವೆ? ಎಲ್ಲಿ ಹೋಗಿ ನಿಲ್ಲುತ್ತೇವೆ? ನಾಲ್ಕಕ್ಕೂ ಉತ್ತರ ಸಿಗುವ ತನಕ ಮೊದಲ ಏಟು ಹೊಡೆಯಬೇಡಿ. ನಮ್ಮಲ್ಲಿ ಮೊದಲನೆಯದೇ ತಪ್ಪಿಹೋಗುತ್ತದೆ. ಜನ ಕಡಿಮೆ ಇರುತ್ತಾರೆ. ಒಬ್ಬರು ಸುಮ್ನೆ ಕೂತು ನೋಡುತ್ತಾರೆ ಅಂದರೆ ಯಾರಿಗೂ ಮನಸ್ಸು ಒಪ್ಪುವುದಿಲ್ಲ. ಐದು ಜನ ಇದ್ದರೆ ನಾಲ್ವರು ಬಡಿಯಲಿ, ಒಬ್ಬರು ಎದುರು ಏಣಿನ ಮೇಲೆ ಕೂರಲಿ. ಅತ್ಯಂತ ಅನುಭವಿಯನ್ನೇ ಅಲ್ಲಿ ಕೂರಿಸಿ. ನನ್ನ ಪ್ರಾಣ ಉಳಿಸಿದ್ದು ಹಾಗೆ ಕೂತಿದ್ದವರು. ಮೊಬೈಲ್ ನಂಬಬೇಡಿ, ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ. ವಾಕಿಟಾಕಿ ಇಲ್ಲದಿದ್ದರೆ ಸೀಟಿ, ಕೂಗು, ಬಟ್ಟೆ ಬೀಸುವುದು, ಯಾವುದಾದರೂ ಸರಿ. ಅದರ ಅರ್ಥ ಏನು ಅಂತ ಮೊದಲೇ ಮಾತಾಡಿಕೊಂಡಿರಿ.

ಎಲ್ಲಿ ಹೋಗಿ ನಿಲ್ಲುತ್ತೇವೆ ಅನ್ನುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತುಂಬಾ ಜನ "ಫೈರ್ ಲೈನ್ ಇದೆಯಲ್ಲ ಸಾರ್, ಅಲ್ಲಿಗೆ ಬರ್ತೀವಿ" ಅನ್ನುತ್ತಾರೆ. ಬೆಂಕಿ ದಾಟದ ಹಾಗೆ ಮೊದಲೇ ಹುಲ್ಲು, ಪೊದೆ ತೆಗೆದಿಟ್ಟ ಪಟ್ಟಿಗೆ, ಅಂದರೆ ಬೆಂಕಿ ರೇಖೆಗೆ, ಫೈರ್ ಲೈನ್ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಉರಿಯ ಎತ್ತರದ ನಾಲ್ಕು ಪಟ್ಟು ದೂರದಲ್ಲಿ ಮನುಷ್ಯ ನಿಂತಿರಬೇಕು. ಅದೂ ಸಮತಟ್ಟಾದ ನೆಲ, ಗಾಳಿ ಇಲ್ಲದ ಹೊತ್ತು ಅಂತ ಇಟ್ಟುಕೊಂಡು. ಹುಲ್ಲಿನ ಉರಿ ಎರಡು ಮೀಟರ್ ಎದ್ದರೆ ಎಂಟು ಮೀಟರ್ ದೂರ ಬೇಕು. ಲಂಟಾನ ಪೊದೆ ಹತ್ತಿ ಐದು ಮೀಟರ್ ಎದ್ದರೆ ಇಪ್ಪತ್ತು ಮೀಟರ್. ನಿಮ್ಮ ಬೆಂಕಿ ರೇಖೆ ಹತ್ತು ಮೀಟರ್ ಅಗಲ ಇದ್ದರೆ, ಅದರ ಆಚೆ ಅಂಚಿನಲ್ಲಿ ನಿಂತರೂ ಬೇಯುತ್ತೀರಿ. ಏರಿನಲ್ಲಿ, ಗಾಳಿಯಲ್ಲಿ ಇನ್ನೂ ಹೆಚ್ಚು ಜಾಗ ಬೇಕು. ಬೆಂಕಿ ರೇಖೆ ಬೆಂಕಿಯನ್ನು ತಡೆಯಲು ಮಾಡಿದ್ದು. ಜನ ನಿಲ್ಲಲು ದೊಡ್ಡ ಬಂಡೆ ಹಾಸು, ಕೆರೆಯಂಗಳ, ಚೆನ್ನಾಗಿ ಸುಟ್ಟು ತಣ್ಣಗಾದ ಅಗಲ ನೆಲ ಬೇಕು. ಅರೆಬರೆ ಸುಟ್ಟ ಜಾಗ ನಂಬಬೇಡಿ. ಕೆಳಗಿನ ತರಗು ಸುಟ್ಟು ಮೇಲಿನ ಲಂಟಾನ ಹಾಗೇ ಉಳಿದಿದ್ದರೆ ಅದು ಎರಡನೇ ಸಲ ಹತ್ತುತ್ತದೆ.

ಉರಿ ಎದೆಮಟ್ಟಕ್ಕೆ, ಅಂದರೆ ಸುಮಾರು 1.2 ಮೀಟರ್‌ಗೆ ಬಂದರೆ ಕೈ ಸಲಕರಣೆಯಿಂದ ಎದುರಿಸುವ ಕೆಲಸ ಮುಗಿಯಿತು. ಹಿಂದೆ ಸರಿಯಿರಿ. ರಸ್ತೆಯೋ ಹಳ್ಳವೋ ಸಿಗುವ ಕಡೆಯಿಂದ ಎದುರು ಬೆಂಕಿ ಕೊಡುವುದನ್ನು ಮುಖ್ಯಸ್ಥರು ಯೋಚಿಸಲಿ. ಬೆಂಕಿಯ ಮುಂದೆ ಯಾರೆಲ್ಲ ಇದ್ದಾರೆ ಅಂತ ತಲೆ ಎಣಿಸದೆ ಯಾರೂ ಕಡ್ಡಿ ಗೀರಬಾರದು. ಇದರಲ್ಲಿ ವಿನಾಯಿತಿಯೇ ಇಲ್ಲ.

ಕೆಲಸ ಯಾವಾಗಲೂ ಬೆಂಕಿಯ ಹಿಂಬದಿಯಿಂದ ಶುರುವಾಗಲಿ. ರಸ್ತೆ, ಹಳ್ಳ, ಸುಟ್ಟ ನೆಲ ಯಾವುದಾದರೊಂದನ್ನು ಬೆನ್ನಿಗಿಟ್ಟುಕೊಂಡು ಎರಡೂ ಪಕ್ಕದಲ್ಲಿ ಮುಂದಕ್ಕೆ ಹೋಗಿ. ಆಗ ವಾಪಸ್ ದಾರಿ ನಿಮ್ಮ ಜೊತೆಯೇ ಬೆಳೆಯುತ್ತಾ ಬರುತ್ತದೆ. ಗುಡ್ಡದಲ್ಲಿ ಇನ್ನೊಂದು ಅಪಾಯ ಇದೆ. ಉರಿಯುವ ಬಿದಿರಿನ ಬುಡ, ಮರದ ತುಂಡು ಕೆಳಕ್ಕೆ ಉರುಳುತ್ತವೆ. ನೀವು ಮೇಲಿನ ಬೆಂಕಿ ಬಡಿಯುತ್ತಿರುವಾಗ ನಿಮ್ಮ ಕೆಳಗೆ ಹೊಸ ಬೆಂಕಿ ಹುಟ್ಟಿರುತ್ತದೆ. ಏಣಿನ ಮೇಲೆ ಕೂತವರಿಗೆ ಇದನ್ನೇ ಮೊದಲು ನೋಡಲು ಹೇಳಿ.

ಹೊತ್ತೂ ಲೆಕ್ಕಕ್ಕೆ ಬರಬೇಕು. ಬಿಸಿಲೇರಿದ ಮೇಲೆ ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ, ಸಂಜೆಯಾದ ಮೇಲೆ ಕೆಳಕ್ಕೆ ಇಳಿಯುತ್ತದೆ. ಮಧ್ಯಾಹ್ನ ಗಾಳಿಯ ತೇವ ತೀರಾ ಕಡಿಮೆ. ಒಣಹುಲ್ಲು ಒಂದೇ ಗಂಟೆಯಲ್ಲಿ ಆ ಒಣಹವೆಗೆ ಹೊಂದಿಕೊಳ್ಳುತ್ತದೆ. ಬೆಳಿಗ್ಗೆ ಎಂಟಕ್ಕೆ ಹೊತ್ತದ ಹುಲ್ಲು ಎರಡು ಗಂಟೆಗೆ ಭಗ್ ಅನ್ನುತ್ತದೆ. ಆದ್ದರಿಂದ ಬೆಳಿಗ್ಗೆ ಮಾಡಿದ ಅಂದಾಜನ್ನು ಮಧ್ಯಾಹ್ನಕ್ಕೆ ಹೊತ್ತುಕೊಂಡು ಹೋಗಬೇಡಿ.

ಉಪಗ್ರಹ ಬೆಂಕಿ ಕಂಡಾಗ ಬರುವ ಎಸ್ಸೆಮ್ಮೆಸ್ ಬಗ್ಗೆಯೂ ಒಂದು ಮಾತು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಎಚ್ಚರಿಕೆಗಳಿಂದ ನಮಗೆ ತುಂಬಾ ಉಪಕಾರವಾಗಿದೆ. ಆದರೆ ಅದರಲ್ಲಿ ಬರುವ ಒಂದು ಚುಕ್ಕೆ, ಉಪಗ್ರಹದಲ್ಲಿರುವ ವಿಯರ್ಸ್ ಅನ್ನುವ ಉಪಕರಣದ್ದಾದರೆ, 375 ಮೀಟರ್ ಚೌಕ. ಅಂದರೆ ಸುಮಾರು 35 ಎಕರೆ. ಅದರೊಳಗೆ ಬೆಂಕಿ ಎಲ್ಲಿ ಬೇಕಾದರೂ ಇರಬಹುದು. ಉಪಗ್ರಹ ನೋಡಿದ ಹೊತ್ತಿಗೂ ನೀವು ತಲುಪುವ ಹೊತ್ತಿಗೂ ನಡುವೆ ಬೆಂಕಿ ಜಾಗ ಬದಲಿಸಿರುತ್ತದೆ. ಚುಕ್ಕೆ ಕಡೆಗೆ ನೇರ ನುಗ್ಗಿದರೆ ಬೆಂಕಿಯ ಬಾಯಿಗೇ ಹೋಗಬಹುದು. ಮೊದಲು ಎತ್ತರದಿಂದ ಹೊಗೆ ನೋಡಿ.

ಬಟ್ಟೆ ಹತ್ತಿಯದ್ದೇ ಇರಲಿ. ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್ ಕರಗಿ ಚರ್ಮಕ್ಕೆ ಅಂಟುತ್ತದೆ. ಬಾಯಾರುವ ಮುಂಚೆಯೇ ನೀರು ಕುಡಿಯಿರಿ. ಜೊತೆಯವರು ಬೆವರುವುದು ನಿಂತು ಏನೇನೋ ಮಾತಾಡಲು ಶುರು ಮಾಡಿದರೆ ಕೆಲಸ ಅಲ್ಲೇ ನಿಲ್ಲಿಸಿ, ನೆರಳಿಗೆ ತನ್ನಿ, ಮೈಮೇಲೆ ನೀರು ಸುರಿಯಿರಿ, ಆಸ್ಪತ್ರೆಗೆ ಹೊರಡಿ. ಆನೆಯನ್ನೂ ಮರೆಯಬೇಡಿ. 2018ರ ಮಾರ್ಚ್‌ನಲ್ಲಿ ನಾಗರಹೊಳೆಯ ನಿರ್ದೇಶಕರಾಗಿದ್ದ ಎಸ್. ಮಣಿಕಂಠನ್ ಅವರು ಬೆಂಕಿ ಬಿದ್ದ ಜಾಗ ನೋಡಲು ಹೋದಾಗ ಆನೆ ದಾಳಿಗೆ ಸಿಕ್ಕಿ ತೀರಿಕೊಂಡರು. ಅದಕ್ಕೂ ಹಿಂದಿನ ವರ್ಷ ಬಂಡೀಪುರದ ಕಲ್ಕೆರೆ ವಲಯದಲ್ಲಿ ಒಬ್ಬ ಫಾರೆಸ್ಟ್ ಗಾರ್ಡ್ ಬೆಂಕಿಗೇ ಬಲಿಯಾದರು. ಆ ಸುದ್ದಿ ಬಂದ ದಿನ ನಮ್ಮ ಕ್ಯಾಂಪ್‌ನಲ್ಲಿ ಯಾರೂ ಊಟ ಮಾಡಲಿಲ್ಲ.

ಜನವರಿಯಲ್ಲೇ ಒಂದು ದಿನ ತೆಗೆದಿಡಿ. ನಿಮ್ಮ ಬೀಟ್‌ನ, ಅಂದರೆ ನೀವು ಕಾಯುವ ಕಾಡಿನ ಭಾಗದ, ಪ್ರತಿ ಗುಡ್ಡಕ್ಕೂ ತಂಡದಲ್ಲಿ ಅತ್ಯಂತ ನಿಧಾನ ನಡೆಯುವವರನ್ನು ಕರೆದುಕೊಂಡು ಹೋಗಿ. ಅವರ ಬೆನ್ನಿಗೆ ತುಂಬಿದ ಪಂಪ್ ಹಾಕಿ, ಕೆಲಸ ಮಾಡುವ ಜಾಗದಿಂದ ಬಂಡೆ ಹಾಸಿನ ತನಕ ನಡೆಸಿ, ಗಡಿಯಾರ ನೋಡಿ. ಎಷ್ಟು ನಿಮಿಷ ಆಯಿತೋ ಅದನ್ನು ಬೀಟ್ ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ಸಿಲ್ ಯಾಕೆ ಅಂದರೆ, ಮಾರ್ಚ್‌ನಲ್ಲಿ ಇನ್ನೊಮ್ಮೆ ನಡೆಯಬೇಕು. ಅಷ್ಟರಲ್ಲಿ ದಾರಿಗೆ ಬಿದಿರು ಬಿದ್ದಿರಬಹುದು.